ಚಕ್ಕುಬಂದಿಯಲ್ಲಿ ಇಲ್ಲದ ದಿಕ್ಕು

ಅಪ್ಪನ ಟ್ರಂಕಿನಲ್ಲಿದ್ದ ಕ್ರಯಪತ್ರಗಳನ್ನು ಓದುತ್ತಲೇ ಬೆಳೆದವಳು ನಾನು. ಪೂರ್ವಕ್ಕೆ ಇಂಥವರ ಜಮೀನು, ಪಶ್ಚಿಮಕ್ಕೆ ಓಣಿ, ಉತ್ತರಕ್ಕೆ ಸರ್ಕಾರಿ ಹಳ್ಳ, ದಕ್ಷಿಣಕ್ಕೆ ಹುಣಸೆಮರ. ಈ ನಾಲ್ಕು ಸರಿಯಾಗಿದ್ದರೆ ಚಕ್ಕುಬಂದಿ ಸರಿ, ಚಕ್ಕುಬಂದಿ ಸರಿಯಿದ್ದರೆ ನೆಲ ನಮ್ಮದು. ಕೆಳಗೆ ಅಂತಲೂ ಒಂದು ದಿಕ್ಕಿದೆ, ಅದಕ್ಕೆ ಬೇರೆಯೇ ಒಡೆಯರಿರಬಹುದು ಎಂದು ನನಗೆ ಗೊತ್ತಾದದ್ದು 2019ರಲ್ಲಿ, ಅಮೆರಿಕದ ಪೆನ್ಸಿಲ್ವೇನಿಯಾದ ವಾಷಿಂಗ್ಟನ್ ಕೌಂಟಿಯಲ್ಲಿ 22 ಎಕರೆಯ ಹಳೇ ತೋಟದಮನೆಯೊಂದನ್ನು ಕೊಳ್ಳಲು ಹೊರಟಾಗ.

ಮಾರುತ್ತಿದ್ದವರು ಎಂಬತ್ತು ದಾಟಿದ ಹಿರಿಯರು. ಹೆಂಡತಿ ತೀರಿಕೊಂಡಿದ್ದರು, ಮಗಳು ದೂರದ ಊರಿನಲ್ಲಿ. ಮನೆ, ಕೊಟ್ಟಿಗೆ, ಇಳಿಜಾರಿನ ಹುಲ್ಲುಗಾವಲು, ಅದರಾಚೆ ಓಕ್ ಮರಗಳ ಕಾಡು. ನಮಗೆ ನೋಡಿದ ದಿನವೇ ಮನಸ್ಸಾಯಿತು. ವ್ಯವಹಾರ ಮಾಡಿಸುತ್ತಿದ್ದ ಏಜೆಂಟ್ ಮುಂಗಡ ಕರಾರಿನ ಕಾಗದ ಮುಂದಿಟ್ಟಾಗ ಅದರಲ್ಲಿ ‘ತೈಲ, ಅನಿಲ ಮತ್ತು ಖನಿಜ ಹಕ್ಕುಗಳನ್ನು ಮಾರಾಟಗಾರರು ಉಳಿಸಿಕೊಂಡಿರುತ್ತಾರೆ’ ಎಂಬ ಸಾಲಿತ್ತು. ಏನಿದು ಅಂತ ಕೇಳಿದೆ. “ಅದಕ್ಕೆಲ್ಲ ತಲೆ ಕೆಡಿಸಿಕೊಳ್ಳಬೇಡಿ, ಈ ಕಡೆ ಯಾರಿಗೂ ಅದು ಪೂರ್ತಿ ಸಿಗುವುದಿಲ್ಲ” ಅಂದರು. ಆ ಮಾತಿನ ಎರಡನೇ ಅರ್ಧ ನಿಜ. ಮೊದಲ ಅರ್ಧವನ್ನು ನಂಬಿದ್ದರೆ ಮನೆಯ ಹಿತ್ತಿಲು ನಮ್ಮ ಕೈಲಿ ಇರುತ್ತಿರಲಿಲ್ಲ.

ಆ ರಾತ್ರಿ ಊರಿಗೆ ಫೋನ್ ಮಾಡಿ ಅಪ್ಪನಿಗೆ ಹೇಳಿದೆ.

“ಕೆಳಗಿಂದು ಬೇರೆಯವರ್ದು ಅಂದ್ರೆ ಏನು ಪುಟ್ಟೀ? ನೆಲ ತಗೊಂಡ್ಮೇಲೆ ಪಾತಾಳದವರೆಗೂ ನಮ್ದೇ ಅಲ್ವಾ?”

“ನಮ್ಮೂರಲ್ಲೂ ಅಲ್ಲಪ್ಪ. ಅಲ್ಲಿ ಸರ್ಕಾರದ್ದು.”

ಅಪ್ಪನಿಗೆ ಇದು ಹೊಸ ಸುದ್ದಿ. ನನಗೂ ಆವತ್ತು ಬೆಳಿಗ್ಗೆಯಷ್ಟೇ ಓದಿ ಗೊತ್ತಾಗಿತ್ತು. ಕರ್ನಾಟಕದ 1964ರ ಭೂಕಂದಾಯ ಕಾಯ್ದೆಯ 70ನೇ ಕಲಮು ಗಣಿ ಮತ್ತು ಖನಿಜಗಳ ಹಕ್ಕನ್ನು ರಾಜ್ಯ ಸರ್ಕಾರದ ಕೈಗೆ ಕೊಡುತ್ತದೆ. ಪಹಣಿಯಲ್ಲಿ ನಮ್ಮ ಹೆಸರಿದ್ದರೂ ಅಡಿಯ ಕಲ್ಲು ತೆಗೆಯಲು ಅಪ್ಪಣೆ ಬೇಕು, ತೆಗೆದದ್ದಕ್ಕೆ ಸರ್ಕಾರಕ್ಕೆ ರಾಜಧನ ಕಟ್ಟಬೇಕು. ದೇಶದಲ್ಲೆಲ್ಲ ಒಂದೇ ನಿಯಮ ಅಂತಲೂ ಅಲ್ಲ: ಕೇರಳದ ಮಲಬಾರಿನ ಜನ್ಮಿ, ಅಂದರೆ ಪಾರಂಪರಿಕ ಪೂರ್ಣ ಒಡೆತನದ, ಜಮೀನುಗಳ ವಿಷಯದಲ್ಲಿ ಅಡಿಯ ಖನಿಜವೂ ಭೂಮಾಲೀಕರದ್ದೇ ಎಂದು ಸುಪ್ರೀಂ ಕೋರ್ಟ್ 2013ರಲ್ಲಿ ತೀರ್ಪು ಕೊಟ್ಟಿದೆ. ಅಮೆರಿಕದಲ್ಲಿ ಖಾಸಗಿಯವರ ಒಡೆತನವೇ ರೂಢಿ. ನೆಲದ ಒಡೆಯ ಕೆಳಗಿನದನ್ನು ಬೇರೆ ಮಾಡಿ ಮಾರಬಹುದು, ಮಗನಿಗೆ ಮೇಲಿನದು ಮಗಳಿಗೆ ಕೆಳಗಿನದು ಅಂತ ಉಯಿಲು ಬರೆಯಬಹುದು, ಕಲ್ಲಿದ್ದಲು ಒಬ್ಬರಿಗೆ ಅನಿಲ ಇನ್ನೊಬ್ಬರಿಗೆ ಕೊಡಬಹುದು. ಒಂದು ಸಲ ಬೇರೆಯಾದರೆ ಮುಗಿಯಿತು. ಆಮೇಲೆ ಮೇಲಿನ ನೆಲ ಹತ್ತು ಕೈ ಬದಲಾದರೂ ಕೆಳಗಿನದು ತನ್ನ ಪಾಡಿಗೆ ಬೇರೆ ದಾರಿಯಲ್ಲಿ ಹೋಗುತ್ತಿರುತ್ತದೆ.

ನಮ್ಮ ವಕೀಲರು ಇದೇ ಭಾಗದಲ್ಲಿ ಹುಟ್ಟಿ ಬೆಳೆದ ಹೆಂಗಸು. ಮೊದಲ ಭೇಟಿಯಲ್ಲಿ ಅವರು ಮೇಜಿನ ಮೇಲೆ ಮೂರು ಕಾಗದ ಒಂದರ ಮೇಲೊಂದು ಇಟ್ಟು ವಿವರಿಸಿದರು. ಪೆನ್ಸಿಲ್ವೇನಿಯಾದ ಕಾನೂನು ಒಂದೇ ತುಂಡು ನೆಲದಲ್ಲಿ ಮೂರು ಆಸ್ತಿಗಳನ್ನು ಗುರುತಿಸುತ್ತದೆ. ಮೇಲ್ಮೈ ಒಂದು. ಕೆಳಗಿನ ಖನಿಜ ಇನ್ನೊಂದು. ಮೂರನೆಯದು ಆಧಾರದ ಹಕ್ಕು, ಅಂದರೆ ಕೆಳಗಿನದನ್ನು ತೆಗೆದಾಗ ಮೇಲಿನದು ಕುಸಿಯದಂತೆ ಉಳಿಯುವ ಹಕ್ಕು. ಇದನ್ನೂ ಬೇರೆ ಮಾಡಿ ಮಾರಿಬಿಡಬಹುದು. ನನಗೆ ಎದೆ ಧಸಕ್ಕೆಂದದ್ದು ಈ ಮೂರನೆಯದನ್ನು ಕೇಳಿ. ಮನೆ ನಿಂತಿರುವ ನೆಲ ಕುಸಿಯದೇ ಇರಲಿ ಎಂಬುದೂ ಒಂದು ಸ್ವತ್ತು, ಅದನ್ನು ಯಾರೋ ಎಂದೋ ಮಾರಿರಬಹುದು!

“ಒಡೆತನದಲ್ಲಿ ಲೋಪ ಬಂದರೆ ಅಂತ ಟೈಟಲ್ ವಿಮೆ ಮಾಡಿಸುತ್ತೇವಲ್ಲ, ಸಾಲದೇ?” ಅಂದೆ.

“ಆ ಪಾಲಿಸಿಯಲ್ಲಿ ಕಲ್ಲಿದ್ದಲು, ತೈಲ, ಅನಿಲ ಬಿಟ್ಟು ಅಂತ ಬರೆದಿರುತ್ತದೆ. ಕೆಳಗಿನದನ್ನು ಯಾರೂ ಖಾತ್ರಿ ಕೊಡುವುದಿಲ್ಲ. ನಾವೇ ಹುಡುಕಬೇಕು.”

ಪೂರ್ತಿ ಶೋಧನೆಗೆ ಅವರು ಹೇಳಿದ ಶುಲ್ಕ ನಮ್ಮ ಕೈಗೆ ಮೀರಿದ್ದು. ಕೊನೆಗೆ ಹೀಗೆ ಒಪ್ಪಂದವಾಯಿತು: ಪುಸ್ತಕ ತೆಗೆದು ಪ್ರತಿ ಮಾಡಿಸಿಕೊಂಡು ಬರುವುದು ನನ್ನ ಕೆಲಸ, ಓದಿ ಅರ್ಥ ಹೇಳುವುದು ಅವರ ಕೆಲಸ. ನಾಲ್ಕು ದಿನ ರಜೆ ಹಾಕಿದೆ.

ವಾಷಿಂಗ್ಟನ್ ಕೌಂಟಿ ಹುಟ್ಟಿದ್ದು 1781ರಲ್ಲಿ. ಪತ್ರಗಳನ್ನು ನೋಂದಾಯಿಸುವ ಕಚೇರಿ ನಮ್ಮ ಸಬ್‌ರಿಜಿಸ್ಟ್ರಾರ್ ಕಚೇರಿಯ ಹಾಗೇ, ಆದರೆ ಯಾರು ಬೇಕಾದರೂ ಒಳಗೆ ಹೋಗಿ ಪುಸ್ತಕ ತೆಗೆಯಬಹುದು. ಹೊಸ ದಾಖಲೆಗಳು ಕಂಪ್ಯೂಟರಿನಲ್ಲಿ ಸಿಕ್ಕವು. ಹಳೆಯವಕ್ಕೆ ದಪ್ಪ ರಟ್ಟಿನ, ಎರಡು ಕೈಯಲ್ಲಿ ಎತ್ತಬೇಕಾದ ಪುಸ್ತಕಗಳು. ಕೊಂಡವರ ಸೂಚಿ ಒಂದು, ಕೊಟ್ಟವರ ಸೂಚಿ ಇನ್ನೊಂದು. ಈಗಿನ ಒಡೆಯರ ಹೆಸರನ್ನು ಕೊಂಡವರ ಸೂಚಿಯಲ್ಲಿ ಹಿಡಿದರೆ ಅವರಿಗೆ ಮಾರಿದವರು ಸಿಗುತ್ತಾರೆ. ಆ ಮಾರಿದವರನ್ನು ಮತ್ತೆ ಕೊಂಡವರ ಸೂಚಿಯಲ್ಲಿ ಹುಡುಕಬೇಕು. ಹೀಗೆ ಹಿಂದಕ್ಕೆ ಹಿಂದಕ್ಕೆ. ಅಷ್ಟರಲ್ಲೇ ನಿಲ್ಲಿಸಿದರೆ ಕೆಲಸ ಕೆಟ್ಟಿತು. ಪ್ರತಿಯೊಬ್ಬ ಒಡೆಯನೂ ನೆಲ ತನ್ನ ಕೈಲಿದ್ದ ಅಷ್ಟೂ ವರ್ಷಗಳಲ್ಲಿ ಬೇರೇನಾದರೂ ಬರೆದುಕೊಟ್ಟಿದ್ದಾನೆಯೇ ಎಂದು ಕೊಟ್ಟವರ ಸೂಚಿಯಲ್ಲಿ ಮುಂದಕ್ಕೂ ನೋಡಬೇಕು. ಕೆಳಗಿನದು ಕೈಬಿಟ್ಟು ಹೋಗಿರುವುದು ಅಲ್ಲಿ.

ಎರಡನೇ ದಿನ ಮಧ್ಯಾಹ್ನ 1903ರ ಪತ್ರ ಸಿಕ್ಕಿತು. ಗುಮಾಸ್ತರೊಬ್ಬರು ಕಂದು ಶಾಯಿಯಲ್ಲಿ ನಕಲು ಮಾಡಿದ್ದು. ಅಕ್ಷರ ಓರೆ, ಸಾಲು ನೇರ. ಗಡಿ ಬರೆದ ರೀತಿ ನೋಡಿ ನನಗೆ ಅಪ್ಪನ ಟ್ರಂಕು ನೆನಪಾಯಿತು: ಬಿಳಿ ಓಕ್ ಮರದಿಂದ ಶುರುವಾಗಿ ಇಷ್ಟು ಡಿಗ್ರಿ ಈಶಾನ್ಯಕ್ಕೆ 38 ಪರ್ಚ್, ಅಲ್ಲಿಂದ ಒಂದು ಕಲ್ಲಿಗೆ, ಕಲ್ಲಿಂದ ತೊರೆಗೆ. ಪರ್ಚ್ ಅಂದರೆ ಹದಿನಾರೂವರೆ ಅಡಿ. ಹುಣಸೆಮರದ ಜಾಗದಲ್ಲಿ ಓಕ್ ಮರ, ಅಷ್ಟೇ ವ್ಯತ್ಯಾಸ. ಆದರೆ ಈ ಪತ್ರ ಮಾರಿದ್ದು ನೆಲವನ್ನಲ್ಲ. ‘ಪಿಟ್ಸ್‌ಬರ್ಗ್ ಅಥವಾ ನದಿ ಪದರದ ಕಲ್ಲಿದ್ದಲು ಸಮಸ್ತ’ವನ್ನು. ಕೆಳಗೆ ಇನ್ನೆರಡು ಸಾಲು: ಮೇಲಿನ ಪದರಗಳಿಗೆ ಆಧಾರ ಒದಗಿಸುವ ಹೊಣೆಯಿಲ್ಲದೆ, ಭೂಮಿಗಾಗಲಿ ನೀರಿಗಾಗಲಿ ಆದ ಹಾನಿಗೆ ಜವಾಬ್ದಾರಿಯಿಲ್ಲದೆ. ರೈತ ಮತ್ತು ಅವನ ಹೆಂಡತಿ ಇಬ್ಬರ ಹೆಸರೂ ಇತ್ತು. ಹೆಂಡತಿಯ ಹೆಸರಿನ ಎರಡು ಪಕ್ಕ ‘ಆಕೆಯ’ ‘ಗುರುತು’ ಎಂದು ಬರೆದು ನಡುವೆ ಒಂದು ಇಂಟು ಹಾಕಿತ್ತು. ಓದಲು ಬಾರದ ಆ ತಾಯಿಗೆ ತಾನು ಏನು ಕೊಡುತ್ತಿದ್ದೇನೆಂದು ಯಾರಾದರೂ ಓದಿ ಹೇಳಿದ್ದರೋ ಇಲ್ಲವೋ. ಆ ಇಂಟು ಗುರುತನ್ನು ನೋಡುತ್ತ ಸುಮಾರು ಹೊತ್ತು ಕೂತಿದ್ದೆ.

ಇಂಥ ಸಾಲುಗಳ ಬಲ ಎಷ್ಟೆಂಬುದಕ್ಕೆ ಇದೇ ರಾಜ್ಯದ ಮೊಕದ್ದಮೆಯೊಂದು ಅಮೆರಿಕದ ಸುಪ್ರೀಂ ಕೋರ್ಟಿನವರೆಗೆ ಹೋಗಿತ್ತು. 1921ರಲ್ಲಿ ಪೆನ್ಸಿಲ್ವೇನಿಯಾ ಸರ್ಕಾರ ಮನೆಗಳ ಅಡಿಯಲ್ಲಿ ನೆಲ ಕುಸಿಯುವಂತೆ ಕಲ್ಲಿದ್ದಲು ತೆಗೆಯಬಾರದು ಎಂದು ಕಾನೂನು ಮಾಡಿತು. ಮರುವರ್ಷ, 1922ರಲ್ಲಿ, ಮಹಾನ್ ಎಂಬವರ ಮನೆಯ ಪ್ರಕರಣದಲ್ಲಿ ಕೋರ್ಟು ಕಲ್ಲಿದ್ದಲು ಕಂಪನಿಯ ಪರ ನಿಂತಿತು: ಪತ್ರದಲ್ಲಿ ಆಧಾರದ ಹಕ್ಕು ಇಟ್ಟುಕೊಂಡವರಿಂದ ಪರಿಹಾರ ಕೊಡದೆ ಅದನ್ನು ಕಸಿಯುವಂತಿಲ್ಲ. 1966ರಲ್ಲಿ ರಾಜ್ಯ ಇದೇ ಉದ್ದೇಶದ ಇನ್ನೊಂದು ಕಾನೂನು ತಂದಿತು, ಅದು 1987ರಲ್ಲಿ ಸುಪ್ರೀಂ ಕೋರ್ಟಿನಲ್ಲಿ ಉಳಿದುಕೊಂಡಿತು.

ಮೂರನೇ ದಿನ ಎರಡು ಪತ್ರ. 1912ರದ್ದರಲ್ಲಿ ತೋಟ ಮಾರಿದವರು ‘ಸಮಸ್ತ ಖನಿಜಗಳನ್ನು’ ತಮಗೇ ಉಳಿಸಿಕೊಂಡಿದ್ದರು. ನನಗೆ ಜೀವ ಬಾಯಿಗೆ ಬಂದಂತಾಯಿತು, ಎಲ್ಲವೂ ಅಲ್ಲೇ ಹೋಯಿತಲ್ಲ ಅಂತ. ವಕೀಲರಿಗೆ ಫೋಟೋ ಕಳಿಸಿದರೆ ಅವರು ಸಮಾಧಾನವಾಗಿ ಹೇಳಿದರು: ಪೆನ್ಸಿಲ್ವೇನಿಯಾದಲ್ಲಿ ಬರೀ ‘ಖನಿಜ’ ಅಂತ ಬರೆದರೆ ಅದರಲ್ಲಿ ತೈಲ, ಅನಿಲ ಸೇರುವುದಿಲ್ಲ. 1882ರ ಡನ್ಹಮ್ ತೀರ್ಪಿನಿಂದ ಬಂದ ನಿಯಮ ಇದು. ಸಾಮಾನ್ಯ ಜನ ಖನಿಜ ಅಂದರೆ ಲೋಹದಂಥದ್ದನ್ನು ತಿಳಿಯುತ್ತಾರೆ, ಹಾಗಾಗಿ ತೈಲ-ಅನಿಲ ಬೇಕಿದ್ದರೆ ಬಾಯಿಬಿಟ್ಟು ಬರೆಯಬೇಕು. ಮಾರ್ಸೆಲ್ಲಸ್ ಶೇಲ್ ಎಂಬ ಆಳದ ಶಿಲಾಪದರದ ಅನಿಲಕ್ಕೂ ಇದೇ ಅನ್ವಯಿಸುತ್ತದೆಂದು ರಾಜ್ಯದ ಸುಪ್ರೀಂ ಕೋರ್ಟು 2013ರಲ್ಲಿ, ಬಟ್ಲರ್ ಪ್ರಕರಣದಲ್ಲಿ, ಮತ್ತೆ ಎತ್ತಿಹಿಡಿಯಿತು. ನೂರು ವರ್ಷದ ಹಿಂದೆ ಯಾರೋ ಎರಡು ಪದ ಸೇರಿಸದೆ ಬಿಟ್ಟದ್ದು ಇವತ್ತಿನ ಲಕ್ಷಾಂತರ ಡಾಲರಿನ ದಿಕ್ಕು ಬದಲಿಸುತ್ತದೆ.

1947ರ ಪತ್ರ ಬರೆದವರು ಆ ತಪ್ಪು ಮಾಡಿರಲಿಲ್ಲ. ‘ತೈಲ ಮತ್ತು ಅನಿಲದ ಅವಿಭಜಿತ ಅರ್ಧ’ವನ್ನು ತನಗೆ, ತನ್ನ ವಾರಸುದಾರರಿಗೆ ಎಂದು ಸ್ಪಷ್ಟವಾಗಿ ಉಳಿಸಿಕೊಂಡಿದ್ದರು. ಅಂದರೆ ನಮಗೆ ಮಾರುತ್ತಿದ್ದ ಹಿರಿಯರ ಬಳಿ ಇದ್ದದ್ದೇ ಅರ್ಧ. ಇನ್ನರ್ಧದ ಜಾಡು ಹಿಡಿದು ಉಯಿಲುಗಳ ಕಚೇರಿಗೆ ಹೋದೆ. ಮೂವರು ಮಕ್ಕಳು, ಅವರಲ್ಲಿ ಒಬ್ಬರು ಫ್ಲೋರಿಡಾದಲ್ಲಿ ತೀರಿಕೊಂಡವರು, ಅಲ್ಲಿಂದ ಮುಂದೆ ಈ ಕೌಂಟಿಯಲ್ಲಿ ಕಾಗದವಿಲ್ಲ. ಪಕ್ಕದ ಒಹಾಯೋ ರಾಜ್ಯದಲ್ಲಾದರೆ ಇಪ್ಪತ್ತು ವರ್ಷ ಯಾರೂ ಮುಟ್ಟದ ಖನಿಜ ಹಕ್ಕನ್ನು ಕಾನೂನಿನ ಕ್ರಮದಂತೆ ನೋಟಿಸು ಕೊಟ್ಟು ಮೇಲಿನ ನೆಲದವರು ತಮ್ಮದಾಗಿಸಿಕೊಳ್ಳುವ ದಾರಿಯಿದೆ. ಪೆನ್ಸಿಲ್ವೇನಿಯಾದ 2006ರ ಕಾನೂನು ಹಾಗಲ್ಲ. ಒಡೆಯರು ಪತ್ತೆಯಿಲ್ಲದಿದ್ದರೆ ಕೋರ್ಟು ಅವರ ಪಾಲಿಗೆ ಟ್ರಸ್ಟಿಯನ್ನು ನೇಮಿಸುತ್ತದೆ, ಹಕ್ಕು ಮಾತ್ರ ಅವರದ್ದಾಗಿಯೇ ಉಳಿಯುತ್ತದೆ.

ಇಷ್ಟು ಹೊತ್ತಿಗೆ ಅನಿಲ ಕಂಪನಿಯೊಂದು ಈ ಕೆಲಸವನ್ನೆಲ್ಲ ನನಗಿಂತ ಮೊದಲೇ ಮಾಡಿ ಮುಗಿಸಿತ್ತೆಂದು ತಿಳಿಯಿತು. ಮಾರ್ಸೆಲ್ಲಸ್ ಶೇಲ್‌ನ ಈಗಿನ ಕಾಲ ಶುರುವಾದದ್ದು ಇದೇ ಕೌಂಟಿಯ ಒಂದು ಬಾವಿಯಿಂದ, 2004ರಲ್ಲಿ. ಆಮೇಲೆ ‘ಲ್ಯಾಂಡ್‌ಮನ್’ ಎಂದು ಕರೆಯುವ ಗುತ್ತಿಗೆ ದಲ್ಲಾಳಿಗಳು ಮನೆಮನೆಗೆ ಬಂದು ಅನಿಲ ತೆಗೆಯುವ ಗುತ್ತಿಗೆಗೆ ಸಹಿ ಹಾಕಿಸಿಕೊಂಡಿದ್ದರು. ವಾರಸುದಾರರ ಹೆಸರಿನಲ್ಲಿ ಗುತ್ತಿಗೆಗಳ ನೋಂದಣಿ ಸಿಕ್ಕಿತು. ಆದರೆ ಪುಸ್ತಕದಲ್ಲಿದ್ದದ್ದು ಗುತ್ತಿಗೆಯ ಸಾರಾಂಶ ಮಾತ್ರ, ಎರಡು ಪುಟ. ಹೆಸರು, ಎಕರೆ, ಅವಧಿ. ಷರತ್ತುಗಳಿರುವ ಪೂರ್ತಿ ಪತ್ರ ಸಹಿ ಹಾಕಿದವರ ಮನೆಯ ಡ್ರಾಯರಿನಲ್ಲಿರುತ್ತದೆ.

ಹಿರಿಯರ ಡ್ರಾಯರಿನಲ್ಲೂ ಒಂದಿತ್ತು. ಅಡುಗೆಮನೆಯ ಮೇಜಿನ ಮೇಲೆ ಅವರು ಅದನ್ನು ಬಿಚ್ಚಿಟ್ಟರು, ಜೊತೆಗೆ ಅನಿಲ ಕಂಪನಿಯಿಂದ ಬಂದ ಚೆಕ್ಕಿನ ವಿವರಚೀಟಿಯನ್ನೂ. 2008ರ ಗುತ್ತಿಗೆ, ಐದು ವರ್ಷದ್ದು. ಐದು ವರ್ಷ ಎಂದೋ ಮುಗಿದಿದೆಯಲ್ಲ ಅಂದುಕೊಂಡರೆ ಹಾಗಲ್ಲ. ಬಾವಿಯಿಂದ ಅನಿಲ ಬರುತ್ತಿರುವಷ್ಟು ಕಾಲ ಗುತ್ತಿಗೆ ಜೀವಂತ. ಬಾವಿಯೂ ನಮ್ಮ ನೆಲದಲ್ಲಿ ಇರಬೇಕಿಲ್ಲ. ಮೈಲಿಯಾಚೆ ಬಾವಿ ಕೊರೆಯಲು ಮಾಡಿದ ಅಂಗಳದಿಂದ ಸಾವಿರಾರು ಅಡಿ ಕೆಳಗಿಳಿದು ಅಲ್ಲಿಂದ ಅಡ್ಡಕ್ಕೆ ತಿರುಗಿ ಬರುವ ಕೊಳವೆ, ಅದರ ಸುತ್ತ ಒಟ್ಟುಗೂಡಿಸಿದ 640 ಎಕರೆಯ ಘಟಕ, ಅದರಲ್ಲಿ ಈ 22 ಎಕರೆಯೂ ಒಂದು.

ಆ ವಿವರಚೀಟಿಯಲ್ಲಿ 0.00214844 ಎಂಬ ಅಂಕಿಯಿತ್ತು. ಹಿರಿಯರಿಗೆ ಅದೇನೆಂದು ಯಾರೂ ಹೇಳಿರಲಿಲ್ಲ. ನಾನು ಅಲ್ಲೇ ಲೆಕ್ಕ ಹಾಕಿ ತೋರಿಸಿದೆ. 22ರಲ್ಲಿ ಅವರದ್ದು ಅರ್ಧ, 11 ಎಕರೆ. ಅದನ್ನು 640ರಿಂದ ಭಾಗಿಸಿ, ಎಂಟನೇ ಒಂದು ಪಾಲು ರಾಯಲ್ಟಿ. ಎಂಟರಲ್ಲೊಂದಕ್ಕಿಂತ ಕಡಿಮೆ ಕೊಡುವಂತಿಲ್ಲ ಎಂದು 1979ರ ರಾಜ್ಯ ಕಾನೂನು ಹೇಳುತ್ತದೆ. ಘಟಕದಿಂದ ಹತ್ತು ಲಕ್ಷ ಡಾಲರಿನ ಅನಿಲ ಹೋದರೆ ಇವರಿಗೆ ಸುಮಾರು 2,148 ಡಾಲರ್. ಅದರಲ್ಲೂ ಸಾಗಣೆ, ಒತ್ತಡ ಏರಿಸಿದ್ದು ಅಂತೆಲ್ಲ ವೆಚ್ಚ ಕಳೆದಿತ್ತು. ಹಾಗೆ ಕಳೆಯಬಹುದೆಂದು 2010ರಲ್ಲಿ ರಾಜ್ಯದ ಸುಪ್ರೀಂ ಕೋರ್ಟೇ ಒಪ್ಪಿದೆ. ನಮ್ಮ ಕಡೆ ರಾಯಲ್ಟಿಯನ್ನು ರಾಜಧನ ಅನ್ನುತ್ತೇವೆ, ರಾಜನಿಗೆ ಸಲ್ಲುವ ಹಣ. ಇಲ್ಲಿ ಅದು ಅಡುಗೆಮನೆಯಲ್ಲಿ ಕೂತ ಈ ಮುದುಕರಿಗೆ ಸಲ್ಲುತ್ತಿತ್ತು. ಅದನ್ನು ಮಗಳಿಗೆ ಬಿಡಬೇಕು ಎಂಬ ಅವರ ಆಸೆ ನನಗೆ ಪೂರ್ತಿ ನ್ಯಾಯವಾಗಿಯೇ ಕಂಡಿತು. ಆ ಹಣದ ಮೇಲೆ ನಮಗೆ ಕಣ್ಣಿರಲಿಲ್ಲ.

ನಮಗಿದ್ದ ಭಯ ಬೇರೆ. ಕೆಳಗಿನದನ್ನು ತೆಗೆಯಲು ಬೇಕಾದಷ್ಟರ ಮಟ್ಟಿಗೆ ಮೇಲ್ಮೈಯನ್ನು ಬಳಸುವ ಹಕ್ಕು ಖನಿಜದ ಒಡೆಯರಿಗೆ ಇದ್ದೇ ಇರುತ್ತದೆ, ಬರೆಯದಿದ್ದರೂ. ರಸ್ತೆ, ಕೊಳವೆಮಾರ್ಗ, ಬಾವಿಯ ಅಂಗಳ. 2012ರ ಕಾನೂನಿನ ಪ್ರಕಾರ ಇಂಥ ಬಾವಿ ಮನೆಯಿಂದ 500 ಅಡಿ ದೂರವಿರಬೇಕು. ಇಪ್ಪತ್ತೆರಡು ಎಕರೆಯಲ್ಲಿ 500 ಅಡಿ ಬಿಟ್ಟರೂ ಜಾಗ ಉಳಿಯುತ್ತದೆ.

ಗುತ್ತಿಗೆಯ ಏಳನೇ ಪುಟದಲ್ಲಿ ಟೈಪು ಮಾಡಿ ಅಂಟಿಸಿದ ಒಂದು ಸಾಲಿತ್ತು: ‘ಗುತ್ತಿಗೆ ಕೊಟ್ಟವರ ಲಿಖಿತ ಒಪ್ಪಿಗೆಯಿಲ್ಲದೆ ಮೇಲ್ಮೈಯಲ್ಲಿ ಯಾವ ಕೆಲಸವನ್ನೂ ಮಾಡತಕ್ಕದ್ದಲ್ಲ.’ ಪಕ್ಕದಲ್ಲಿ ನೀಲಿ ಶಾಯಿಯ ಎರಡು ಕಿರುಸಹಿ. “ಇದು ನನ್ನ ಹೆಂಡತಿ ಹಾಕಿಸಿದ್ದು,” ಅಂದರು ಹಿರಿಯರು. “ದಲ್ಲಾಳಿ ಮೂರು ಸಲ ಬಂದ. ಈ ಸಾಲು ಸೇರಿಸುವವರೆಗೂ ಅವಳು ಪೆನ್ನು ಮುಟ್ಟಲಿಲ್ಲ.” ಆ ಕಿರುಸಹಿಯ ಮೇಲೆ ಬೆರಳಿಟ್ಟುಕೊಂಡೇ ಮಾತಾಡಿದರು. ನನಗೆ 1903ರ ಇಂಟು ಗುರುತು ಕಣ್ಣಮುಂದೆ ಬಂತು. ಅದೇ ನೆಲ, ಅದೇ ಮನೆಯ ಹೆಂಗಸರು.

ನಾನು ನಿರಾಳವಾಗಿ ವಕೀಲರ ಬಳಿ ಹೋದರೆ ಅವರು ತಲೆಯಾಡಿಸಿದರು. “ಒಪ್ಪಿಗೆ ಯಾರದ್ದು ಅಂತ ಓದಿ. ಗುತ್ತಿಗೆ ಕೊಟ್ಟವರದ್ದು. ಅನಿಲ ಅವರ ಬಳಿಯೇ ಉಳಿದರೆ ಗುತ್ತಿಗೆ ಕೊಟ್ಟವರು ಅವರೇ, ನಾಳೆ ಅವರ ಮಗಳು. ನಿಮ್ಮ ಹುಲ್ಲುಗಾವಲಿನಲ್ಲಿ ಬಾವಿ ಬರಬಹುದೋ ಬಾರದೋ ಅಂತ ಹೇಳುವವರು ಸಾವಿರ ಮೈಲಿ ದೂರದಲ್ಲಿರುತ್ತಾರೆ. ಕೋರ್ಟಿಗೆ ಹೋಗಿ ವಾದಿಸಬಹುದು. ವಾದಿಸಬೇಕಾಗಿ ಬರಬಾರದು.”

ಇಡೀ ಪ್ರಕ್ರಿಯೆಯಲ್ಲಿ ನಾನು ಕಲಿತ ಅತಿ ಮುಖ್ಯ ವಿಷಯ ಇದೇ, ಇದನ್ನು ಬರೆಯುತ್ತಿರುವುದೂ ಇದಕ್ಕಾಗಿ. ಕೆಳಗಿನದು ಯಾರದ್ದು ಅಂತ ಎಲ್ಲರೂ ಕೇಳುತ್ತಾರೆ. ಕೆಳಗಿನದನ್ನು ತೆಗೆಯಲು ಮೇಲಿನದನ್ನು ಮುಟ್ಟುವುದಕ್ಕೆ ಒಪ್ಪಿಗೆ ಯಾರ ಕೈಲಿದೆ ಎನ್ನುವುದು ಬೇರೆಯದೇ ಪ್ರಶ್ನೆ. ಅದಕ್ಕೆ ಉತ್ತರ ಕ್ರಯಪತ್ರದಲ್ಲಿ ಅಕ್ಷರರೂಪದಲ್ಲಿ ಇರಬೇಕು.

ವಕೀಲರು ಒಂದು ಪರಿಚ್ಛೇದ ಬರೆದರು. ಅನಿಲವೂ ರಾಯಲ್ಟಿಯೂ ಮಾರಾಟಗಾರರಿಗೆ. ಮೇಲ್ಮೈ ಬಳಕೆಗೆ ಒಪ್ಪಿಗೆ ಕೊಡುವ ಅಥವಾ ನಿರಾಕರಿಸುವ ಹಕ್ಕು ಮೇಲ್ಮೈಯ ಒಡೆಯರಿಗೆ, ಅವರ ನಂತರದವರಿಗೆ, ನೆಲದ ಜೊತೆಯಲ್ಲೇ ಸಾಗುವಂತೆ. ಹಿರಿಯರಿಗೆ ಓದಿ ಹೇಳಿದೆವು. “ಅವಳಿಗೆ ಬೇಕಿದ್ದದ್ದೂ ಅದೇ” ಅಂದು ಒಪ್ಪಿದರು. ಮಗಳೂ ಫೋನಿನಲ್ಲಿ ಬೇಡ ಅನ್ನಲಿಲ್ಲ.

1947ರ ವಾರಸುದಾರರ ಅರ್ಧ ಉಳಿಯಿತು. ಅವರ ಗುತ್ತಿಗೆಗಳಲ್ಲಿ ಅಂಥ ಸಾಲು ಇದೆಯೋ ಇಲ್ಲವೋ ನೋಡುವ ದಾರಿಯಿರಲಿಲ್ಲ, ಕಂಪನಿ ತೋರಿಸಲಿಲ್ಲ. ಅವಿಭಜಿತ ಹಕ್ಕಿನಲ್ಲಿ ಒಬ್ಬ ಪಾಲುದಾರನ ಮೂಲಕವೂ ಕಂಪನಿ ಒಳಗೆ ಬರಬಹುದು. ಕಂಪನಿಗೆ ಪತ್ರ ಬರೆದೆವು, ಮತ್ತೆ ಬರೆದೆವು, ಫೋನು ಮಾಡಿದೆವು. ಪ್ರತಿ ಸಲ ಬೇರೆಯವರು ಎತ್ತಿ ಮೊದಲಿಂದ ಹೇಳಿಸಿಕೊಳ್ಳುತ್ತಿದ್ದರು. ಮನೆಸಾಲದ ಬಡ್ಡಿದರ ಹಿಡಿದಿಟ್ಟಿದ್ದ ಅವಧಿ ಮುಗಿಯುತ್ತ ಬಂತು, ನನ್ನ ಗಂಡ ಬೇರೆ ಮನೆ ನೋಡೋಣ ಅನ್ನುವ ಮಟ್ಟಕ್ಕೆ ಬಂದರು. ಏಳು ವಾರ ಕಳೆದ ಮೇಲೆ ಒಂದು ಕಾಗದ ಬಂತು: ಈ 22 ಎಕರೆಯಲ್ಲಿ ಬಾವಿಯ ಅಂಗಳ ಮಾಡುವುದಿಲ್ಲ, ಆದರೆ ಕೊಳವೆಮಾರ್ಗದ ಹಕ್ಕು ಬಿಡುವುದಿಲ್ಲ. ಪೂರ್ತಿ ಸಿಗಲಿಲ್ಲ. ಅಷ್ಟಕ್ಕೆ ಒಪ್ಪಿದೆವು, ಆ ಕಾಗದವನ್ನೂ ನೋಂದಣಿ ಮಾಡಿಸಿದೆವು.

ಕಲ್ಲಿದ್ದಲಿನ ವಿಷಯ ಇದಕ್ಕಿಂತ ಬೇಗ ಮುಗಿಯಿತು. ರಾಜ್ಯ ಸರ್ಕಾರ ಹಳೇ ಗಣಿಗಳ ನಕ್ಷೆಗಳನ್ನು ಜಾಲದಲ್ಲಿ ಹಾಕಿದೆ. ಮನೆಯ ಅಡಿಯ ಪದರವನ್ನು ಎಂದೋ ತೆಗೆದಾಗಿತ್ತು. ನಕ್ಷೆಯಲ್ಲಿ ಅಲ್ಲಲ್ಲಿ ಬಿಟ್ಟ ಕಂಬಗಳು ಚದುರಂಗದ ಮನೆಗಳ ಹಾಗೆ ಕಂಡವು, ಅವುಗಳ ಮೇಲೆ ನಮ್ಮ ಅಡುಗೆಮನೆ. ಮಾಮೂಲಿ ಮನೆ ವಿಮೆಯಲ್ಲಿ ಗಣಿ ಕುಸಿತ ಸೇರುವುದಿಲ್ಲ. ಅದಕ್ಕೆಂದೇ ರಾಜ್ಯದ ಪರಿಸರ ಇಲಾಖೆ ನಡೆಸುವ ವಿಮೆಯಿದೆ, ಅದನ್ನು ಮಾಡಿಸಿದೆವು.

ಸಹಿಯ ದಿನ ಕ್ರಯಪತ್ರದ ಕೊನೆಯಲ್ಲಿ ದೊಡ್ಡಕ್ಷರದ ಒಂದು ಪ್ಯಾರಾ ಕಂಡಿತು. ಈ ದಸ್ತಾವೇಜು ಅಡಿಯ ಕಲ್ಲಿದ್ದಲನ್ನಾಗಲಿ ಆಧಾರದ ಹಕ್ಕನ್ನಾಗಲಿ ಮಾರದೇ ಇರಬಹುದು, ಕಲ್ಲಿದ್ದಲಿನ ಒಡೆಯರಿಗೆ ಅದನ್ನೆಲ್ಲ ತೆಗೆಯುವ ಹಕ್ಕಿರಬಹುದು, ಆಗ ಮೇಲಿನ ಮನೆಗೆ ಹಾನಿಯಾಗಬಹುದು. 1957ರ ಕಾನೂನಿನ ಪ್ರಕಾರ ಹಾಕುವ ಎಚ್ಚರಿಕೆ. ಅದರ ಕೆಳಗೆ 1966ರ ಕಾನೂನಿನದು ಇನ್ನೊಂದು: ಕುಸಿತದಿಂದ ರಕ್ಷಣೆಯ ಹಕ್ಕು ನನಗೆ ಸಿಗದಿರಬಹುದೆಂದು ನಾನು ಬಲ್ಲೆ. ಇದಕ್ಕೆ ಕೊಳ್ಳುವವರೇ ಸಹಿ ಹಾಕಬೇಕು. ಕಲ್ಲಿದ್ದಲಿಗಿರುವ ಈ ದೊಡ್ಡಕ್ಷರ ಅನಿಲಕ್ಕೂ ಬರಬೇಕು, ಅದೂ ಸಹಿಯ ದಿನವಲ್ಲ, ಮನೆ ತೋರಿಸುವ ದಿನವೇ ಕೈಗೆ ಕೊಡಬೇಕು ಎಂದು ನನಗೆ ಬಲವಾಗಿ ಅನ್ನಿಸುತ್ತದೆ. ಎಲ್ಲರಿಗೂ ನಾಲ್ಕು ದಿನ ರಜೆ ಸಿಗುವುದಿಲ್ಲ. ಎರಡೂ ಪ್ಯಾರಾ ಪೂರ್ತಿ ಓದಿ, ಹೆಸರು ಬಿಡಿಸಿ ಬರೆದು ಸಹಿ ಹಾಕಿದೆ.

ಆ ವಾರ ಅಪ್ಪ ಕೇಳಿದ್ದು ಒಂದೇ.

“ನೀರು ಯಾರ್ದು ಪುಟ್ಟೀ?”

“ಬಾವಿ ನೀರು ನಮ್ದೇ ಅಪ್ಪ.”

“ಅದನ್ನ ನೋಡ್ಕೋ ಮೊದ್ಲು.”

ನೋಡಿಕೊಂಡೆವು. ಇಂಥ ಶೇಲ್ ಅನಿಲದ ಬಾವಿ ಕೊರೆದ ಮೇಲೆ 2,500 ಅಡಿಯೊಳಗಿನ ನೀರು ಹನ್ನೆರಡು ತಿಂಗಳೊಳಗೆ ಕೆಟ್ಟರೆ ಅದು ಕೊರೆದವರಿಂದಲೇ ಆದದ್ದೆಂದು ಕಾನೂನು ಮೊದಲಿಗೆ ಭಾವಿಸುತ್ತದೆ. ಆದರೆ ಮೊದಲು ನೀರು ಹೇಗಿತ್ತೆಂಬ ದಾಖಲೆ ನಮ್ಮ ಬಳಿಯೂ ಇರಬೇಕಲ್ಲ. ಪ್ರಯೋಗಾಲಯದಿಂದ ಬಂದ ಹುಡುಗ ನಲ್ಲಿಯನ್ನು ಸ್ವಲ್ಪ ಹೊತ್ತು ಹರಿಯಬಿಟ್ಟು, ಗುಳ್ಳೆ ಉಳಿಯದಂತೆ ಬಾಟಲಿ ತುಂಬಿಸಿ, ಮುಚ್ಚಳದ ಮೇಲೆ ದಿನಾಂಕ, ಗಂಟೆ ಬರೆದುಕೊಂಡು ಹೋದ. ಮೀಥೇನ್, ಕ್ಲೋರೈಡ್, ಬೇರಿಯಂ ಎಲ್ಲದರ ಅಂಕಿಗಳಿರುವ ಆ ವರದಿ ಈಗ 1903ರ ಪತ್ರದ ನಕಲಿನ ಜೊತೆ ಒಂದೇ ಫೈಲಿನಲ್ಲಿದೆ.